ಹೊಂಗೆ ಎಣ್ಣೆ ಕುಡಿದ ರಬ್ಬರ್ ಪಟ್ಟಿ

ಬೆಲೆಯನ್ನು ಮೊದಲೇ ಹೇಳಿಬಿಡುವುದು ನನ್ನ ಅಭ್ಯಾಸ. ಈ ಪಟ್ಟಿಯ ವ್ಯಾಪಾರಕ್ಕೆ ನಾನು ತೆತ್ತದ್ದು ಮೇಲಿನ ಸಾಲಿನ ಒಂದು ಹಲ್ಲು ಮತ್ತು ಒಂದು ಸುಗ್ಗಿ ಕಾಲ. ಹಲ್ಲು ಹೋದದ್ದು ನಾನೇ ಬಗ್ಗಿಸಿ ಮಾಡಿದ ಕೊಂಡಿಯ ಏಟಿಗೆ, ಶ್ರೀರಾಂಪುರದ ಸಂತೆಯಲ್ಲಿ, ಮಟಮಟ ಮಧ್ಯಾಹ್ನ, ಸಂತೆಗೆ ಸಂತೆಯೇ ನೋಡುತ್ತಿರುವಾಗ. ಸುಗ್ಗಿ ಹೋದದ್ದು ಒಬ್ಬ ಅಜ್ಜಿಯ ಎಣ್ಣೆ ಬಟ್ಟಲಿನಿಂದ. ಎರಡಕ್ಕೂ ಕಾರಣ ಒಂದೇ. ನಾನು ಮಾರಿದ ಮಾಲನ್ನು ಕೊಂಡವರು ಮನೆಗೆ ಒಯ್ದು ಅದಕ್ಕೇನು ಮಾಡುತ್ತಾರೆ ಎಂದು ಯಾರೂ ನನಗೆ ಹೇಳಲಿಲ್ಲ. ಹೇಳುವಂಥದ್ದು ಅಂತ ಅವರಿಗೂ ಅನ್ನಿಸಿರಲಿಲ್ಲ.

ಎಪ್ಪತ್ತರ ದಶಕದ ನಡುಭಾಗ ಅದು. ಹಿರಿಯೂರಿನ ಹೆದ್ದಾರಿ ಬದಿಯಲ್ಲಿ ಪಂಕ್ಚರ್ ಅಂಗಡಿಗಳ ಹಿಂದೆ ಸತ್ತ ಲಾರಿ ಟ್ಯೂಬುಗಳು ರಾಶಿ ಬಿದ್ದಿರುತ್ತಿದ್ದವು. ತೇಪೆಯ ಮೇಲೆ ತೇಪೆ ಹಾಕಿ, ಇನ್ನು ಆಗುವುದಿಲ್ಲ ಅಂತ ಬಿಸಾಡಿದವು. ಅವನ್ನು ನಾನು ಉದ್ದುದ್ದಕ್ಕೆ ಸೀಳಿ, ಎರಡು ಬೆರಳಗಲದ ಪಟ್ಟಿ ಮಾಡಿ, ಎರಡೂ ತುದಿಗೆ ಬಕೆಟ್ ಹಿಡಿಯ ಕಂಬಿಯಿಂದ ಕೊಂಡಿ ಹಾಕಿ ಮಾರುತ್ತಿದ್ದೆ. ಸೈಕಲ್ ಕ್ಯಾರಿಯರಿಗೆ ಹಾಲಿನ ಕ್ಯಾನು ಕಟ್ಟಲು, ಬಸ್ಸಿನ ಟಾಪಿನ ಮೇಲೆ ಹಾಸಿಗೆ ಸುರುಳಿ ಬಿಗಿಯಲು, ಹೊಲಕ್ಕೆ ಹೋಗುವವನ ಗುದ್ದಲಿ ಪಿಕಾಸಿ ಒಟ್ಟಿಗೆ ಹಿಡಿಯಲು. ಗಂಟು ಹಾಕುವ, ಹಲ್ಲಿನಲ್ಲಿ ಕಚ್ಚಿ ಬಿಚ್ಚುವ ರಗಳೆ ಇಲ್ಲ. ಎಳೆ, ಸಿಕ್ಕಿಸು. ಊರು ಬಂತು, ಬಿಚ್ಚಿ ಜೇಬಿಗೆ ಹಾಕಿಕೋ. ನಾಳೆ ಮತ್ತೆ ಅದೇ ಪಟ್ಟಿ.

ಸುಲಭದ ಕೆಲಸ ಅಂತ ತಿಳಿಯಬೇಡಿ. ಟ್ಯೂಬನ್ನು ಅಡ್ಡಕ್ಕೆ ಕತ್ತರಿಸಿದರೆ ಉದ್ದ ಸಾಲದು, ಸುತ್ತು ಹಿಡಿದೇ ಸೀಳಬೇಕು. ವಾಲ್ವಿನ ಹತ್ತಿರದ ಭಾಗ, ತೇಪೆಯ ಅಂಚು, ಮಡಿಕೆ ಬಿದ್ದ ಜಾಗ, ಈ ಮೂರನ್ನೂ ಎಸೆಯಬೇಕು. ಚಮ್ಮಾರಿಕೆಯ ಚೂರಿಯನ್ನು ನೀರಿನಲ್ಲಿ ಅದ್ದಿ ಅದ್ದಿ ಎಳೆದರೆ ಮಾತ್ರ ರಬ್ಬರು ನೇರ ಹರಿಯುತ್ತದೆ. ಒಣ ಚೂರಿ ಹಾಕಿದರೆ ಅಂಚಿನಲ್ಲಿ ಕಚ್ಚು ಬೀಳುತ್ತದೆ, ಅದೇ ಕಚ್ಚಿನಿಂದ ಒಂದು ದಿನ ಹರಿಯುತ್ತದೆ. ಸೀಳಿದ ಮೇಲೆ ಸೀಗೆಪುಡಿಯಲ್ಲಿ ತೊಳೆದು ಗ್ರೀಸ್ ಬಿಡಿಸಿ, ನೆರಳಲ್ಲಿ ಒಣಗಿಸಿ, ಎಳೆದು ಬಿಸಿಲಿಗೆ ಹಿಡಿದು ಸೂಜಿಮೊನೆಯಷ್ಟು ತೂತಿದ್ದರೂ ಪಕ್ಕಕ್ಕೆ ಹಾಕುತ್ತಿದ್ದೆ. ತುದಿಯನ್ನು ಕೊಂಡಿಯೊಳಗೆ ತೂರಿಸಿ, ಮಡಿಚಿ, ಸಣ್ಣ ರಬ್ಬರ್ ಎಳೆಯಿಂದ ಸುತ್ತಿ ಬಿಗಿಯುತ್ತಿದ್ದೆ. ನನ್ನ ಪಟ್ಟಿ ಬಿಟ್ಟುಕೊಂಡಿತು ಅಂತ ಹಿರಿಯೂರಿನಲ್ಲಿ ಒಬ್ಬ ಕ್ಲೀನರೂ ಬಂದು ಜಗಳ ಆಡಿರಲಿಲ್ಲ.

ಕುರಿಯವರನ್ನು ಹಿಡಿಯಬೇಕು ಅಂತ ಆಸೆಯಾದದ್ದು ಹೊಸದುರ್ಗದ ದಾರಿಯಲ್ಲಿ ಅವರ ಕತ್ತೆಗಳನ್ನು ನೋಡಿ. ರಾಗಿ ಕೊಯ್ಲು ಮುಗಿದ ಮೇಲೆ ಹಟ್ಟಿಗೆ ಹಟ್ಟಿಯೇ ಎದ್ದು, ಹೊಳಲ್ಕೆರೆ ದಾಟಿ ನೀರಾವರಿ ಸೀಮೆಯ ಕಡೆ ಕುರಿ ಹೊಡೆದುಕೊಂಡು ಹೋಗುತ್ತದೆ. ಕುರಿದಡ್ಡಿ ಹಾಕುವ ಬಲೆ, ಗೂಟ, ಹಿಟ್ಟಿನ ಚೀಲ, ಪಾತ್ರೆ, ನಡೆಯಲಾಗದ ಎಳೆಮರಿ ತುಂಬಿದ ಕುಕ್ಕೆ, ಎಲ್ಲ ಕತ್ತೆಯ ಮೇಲೆ. ಎಷ್ಟೇ ಬಿಗಿಯಾಗಿ ಹಗ್ಗ ಕಟ್ಟಲಿ, ಒಂದು ಹಳ್ಳ ಹತ್ತಿ ಇಳಿಯುವಷ್ಟರಲ್ಲಿ ಚೀಲ ಕುಸಿದು ಹಗ್ಗ ಸಡಿಲವಾಗುತ್ತದೆ. ನಿಲ್ಲಿಸು, ಬಿಚ್ಚು, ಮತ್ತೆ ಕಟ್ಟು. ರಬ್ಬರ್ ಪಟ್ಟಿಯಾದರೆ ಹೇರು ಕುಸಿದಂತೆ ತಾನೂ ಮುದುಡಿಕೊಳ್ಳುತ್ತದೆ. ಒಂದು ಹಟ್ಟಿ ಒಪ್ಪಿದರೆ ಆ ಸೀಮೆಯ ಎಲ್ಲ ಹಟ್ಟಿಗಳೂ ಕೊಂಡುಕೊಳ್ಳುತ್ತವೆ ಅನ್ನುವುದು ನನ್ನ ಲೆಕ್ಕ.

ಸೈಕಲ್ಲನ್ನು ಹೊಸದುರ್ಗದವರೆಗೆ ಬಸ್ಸಿನ ಟಾಪಿಗೆ ಹಾಕಿ, ಅಲ್ಲಿಂದ ತುಳಿದುಕೊಂಡು ಶ್ರೀರಾಂಪುರದ ಸಂತೆಗೆ ಹೋಗಲು ಶುರು ಮಾಡಿದೆ. ಅಂಗಡಿ ಇಲ್ಲದವನಿಗೆ ಸೈಕಲ್ಲೇ ಅಂಗಡಿ. ಹ್ಯಾಂಡಲಿಗೆ ಪಟ್ಟಿ ನೇತು ಹಾಕಿ ನಿಂತರೆ ಮುಗಿಯಿತು. ನಿಂತದ್ದು ಮಾತ್ರ ಕೆಟ್ಟ ಜಾಗ, ಆದಿವಾಲ ಕಡೆಯ ಒಬ್ಬ ಹಗ್ಗದ ವ್ಯಾಪಾರಿಯ ಎದುರಿಗೆ. ಕತ್ತಾಳೆ ನಾರಿನ ಹಗ್ಗ ಹೊಸೆದು ತಂದು ಮಾರುವ ಮನುಷ್ಯ. ನನ್ನನ್ನು ಕಂಡ ಮೊದಲ ದಿನವೇ ಅವನ ಮುಖ ಗಂಟಿಕ್ಕಿತು. ನನ್ನ ಹತ್ತಿರ ನಿಂತ ಗಿರಾಕಿಗೆಲ್ಲ ಕೇಳುವಂತೆ, ಲಾರಿಯ ಕರುಳು ಕಿತ್ತು ಮಾರೋಕೆ ಬಂದವನೆ ನೋಡ್ರಪ್ಪ ಅನ್ನುತ್ತಿದ್ದ. ನಾನು ಸುಮ್ಮನಿರುವವನಲ್ಲ, ಕರುಳು ಹಿಗ್ಗುತ್ತೆ ನಾರು ಹರಿಯುತ್ತೆ ಅಂತ ತಿರುಗಿಸಿ ಹೇಳುತ್ತಿದ್ದೆ.

ಕೊನೆಗೆ ಒಂದು ಹಟ್ಟಿಯ ಯಜಮಾನ ಸಿಕ್ಕಿದ. ಎತ್ತರದ ಆಳು, ಮಾತು ಕಡಿಮೆ, ಹೆಗಲ ಮೇಲೆ ಕರಿ ಕಂಬಳಿ. ಅರ್ಧ ಗಂಟೆ ಚೌಕಾಸಿ ಮಾಡಿ, ತನ್ನ ಕತ್ತೆಗಳಿಗೆಲ್ಲ ಆಗುವಷ್ಟು ಪಟ್ಟಿ ಒಯ್ದ. ಆ ದಿನ ಹಗ್ಗದವನಿಗೆ ಒಂದು ಬೀಡಿ ಕೊಡುವಷ್ಟು ಉದಾರಿಯಾಗಿದ್ದೆ ನಾನು. ಅವನು ತೆಗೆದುಕೊಳ್ಳಲಿಲ್ಲ.

ತಿಂಗಳು ತುಂಬುವ ಮುಂಚೆ ಯಜಮಾನ ವಾಪಸು ಬಂದ, ಜತೆಗೆ ಹಟ್ಟಿಯ ಗಂಡಾಳುಗಳು. ಕೈಯಲ್ಲಿ ನನ್ನ ಪಟ್ಟಿಗಳ ಗೊಂಚಲು. ದಡ್ಡಿ ಬದಲಿಸುವಾಗ ಒಂದು ಪಟ್ಟಿ ಹರಿದು ಕುಕ್ಕೆ ಉರುಳಿ ಒಂದು ಮರಿಯ ಕಾಲು ಮುರಿದಿದೆ ಅಂದ. ಕೂಗಾಡಲಿಲ್ಲ. ಅವನು ಕೂಗಾಡಿದ್ದರೆ ನಾನೂ ಕೂಗಾಡಿ ಗೆಲ್ಲುತ್ತಿದ್ದೆ. ನಿಮ್ಮ ಆಳುಗಳು ಅಳತೆ ಮೀರಿ ಎಳೆದಿರಬೇಕು ಅಂದೆ.

"ಹೌದಾ? ನೀನೇ ಎಳಿಯಪ್ಪ. ನಿಂದೇ ಮಾಲು, ನಿಂದೇ ಕೈ. ಎಷ್ಟು ಎಳಿಬೇಕೋ ಅಷ್ಟೇ ಎಳಿ" ಅಂದ.

ಸಂತೆ ಸುತ್ತುಗಟ್ಟಿತು. ನಾನು ಗೊಂಚಲಿನಿಂದ ಒಂದು ಪಟ್ಟಿ ತೆಗೆದು, ಒಂದು ಕೊಂಡಿಯನ್ನು ಸೈಕಲ್ ಕ್ಯಾರಿಯರಿಗೆ ಸಿಕ್ಕಿಸಿ ಎಳೆದೆ. ಅರ್ಧದಷ್ಟು ಕೂಡ ಹಿಗ್ಗಿರಲಿಲ್ಲ. ಕ್ಯಾರಿಯರ್ ಕಡೆಯ ತುದಿಯಲ್ಲಿ ರಬ್ಬರು ಹಸಿ ಹಿಟ್ಟಿನಂತೆ ಅರ್ಧ ಕಿತ್ತುಕೊಂಡಿತು, ಆ ಕೊಂಡಿ ಕ್ಯಾರಿಯರಿನಿಂದ ಜಾರಿ ಪಟ್ಟಿಯ ಜೊತೆಗೇ ಹಾರಿ ಬಂದು ಬಾಯಿಗೆ ಬಡಿಯಿತು. ರಕ್ತದ ಜತೆ ಹಲ್ಲು ಅಂಗೈಗೆ ಬಂತು. ಹಗ್ಗದವನ ನಗೆ ಎಲ್ಲಕ್ಕಿಂತ ಮೊದಲು ಕೇಳಿಸಿತು.

ಯಜಮಾನ ನಗಲಿಲ್ಲ. ನನ್ನ ಸೈಕಲ್ಲಿನ ಹ್ಯಾಂಡಲು ಹಿಡಿದುಕೊಂಡ.

"ಸಂಕ್ರಾಂತಿ ಕಳದ ಮ್ಯಾಲೆ ಹಟ್ಟಿ ಏಳ್ತೈತೆ. ಅಷ್ಟ್ರಾಗೆ ಹರಿಯದಂಥ ಮಾಲು ಕೊಟ್ಟು ಸೈಕಲ್ ಬಿಡಿಸ್ಕ್ಯಾ. ಇಲ್ಲಾಂದ್ರೆ ಸೈಕಲ್ಲೂ ನಮ್ ಜತೀಗೆ ಬರ್ತೈತೆ. ಆಮ್ಯಾಲೆ ಹೊಸದುರ್ಗದಿಂದ ಹೊಳಲ್ಕೆರೆಗಂಟ ಯಾವ ಹಟ್ಟ್ಯಾಗೂ ನಿನ್ ಮಾಲು ಮುಟ್ಟಂಗಿಲ್ಲ. ಹೇಳಿ ಕಳಸ್ತೀನಿ."

ಅಂಗಡಿಯೂ ಹೋಯಿತು, ಆ ಸೀಮೆಯ ವ್ಯಾಪಾರವೂ ಹೋಗುವುದರಲ್ಲಿತ್ತು. ಬಾಯಿಗೆ ಟವೆಲ್ ಒತ್ತಿಕೊಂಡು ಕುಳಿತವನು ಹರಿದ ಪಟ್ಟಿಯನ್ನು ಮೂಗಿಗೆ ಹಿಡಿದೆ. ನೆತ್ತಿಗೇರುವ ಕಹಿ ವಾಸನೆ. ಹೊಂಗೆ ಎಣ್ಣೆ. ಪಟ್ಟಿ ಮುಟ್ಟಿದರೆ ಅಂಟು, ಹಿಸುಕಿದರೆ ಮೆತ್ತಗೆ. ಎಣ್ಣೆ ಬಿದ್ದ ಟ್ಯೂಬು ಊದಿಕೊಂಡು ಕೊಳೆಯುವುದನ್ನು ಪಂಕ್ಚರ್ ಅಂಗಡಿಯ ಹಿಂದೆ ಎಷ್ಟೋ ಸಲ ನೋಡಿದವನು ನಾನು. ಯಜಮಾನನ ಹಿಂದೆ ಓಡಿ, ಇದಕ್ಕೆ ಎಣ್ಣೆ ಹಚ್ಚಿದವರು ಯಾರು ಅಂತ ಕೇಳಿದೆ.

ಅವನು ನನ್ನನ್ನು ಹುಚ್ಚನನ್ನು ನೋಡುವಂತೆ ನೋಡಿದ. "ಎಣ್ಣೆ ಕಾಣದ ಹೊಸ ಹಗ್ಗ ಯಾವ ಹಟ್ಟ್ಯಾಗೈತೆ?"

ಅದು ಅವರ ಪದ್ಧತಿ. ಕುರಿಯ ಜತೆ ಹೊರಡುವ ಹೊಸ ವಸ್ತು ಯಾವುದೇ ಇರಲಿ, ಮನೆಯ ಹಿರಿ ಹೆಂಗಸು ಅದಕ್ಕೆ ಹೊಂಗೆ ಎಣ್ಣೆ ತಿಕ್ಕಿ ಬಿಸಿಲಿಗೆ ಹಾಕಬೇಕು. ನಾರಿನ ಹಗ್ಗಕ್ಕೆ ಅದು ಒಳ್ಳೆಯದೇ. ಹಗ್ಗ ಮೆತ್ತಗಾಗುತ್ತದೆ, ಗೆದ್ದಲು ಮುಟ್ಟುವುದಿಲ್ಲ. ರಬ್ಬರಿಗೆ ಅದು ವಿಷ. ಮರುದಿನ ಹಟ್ಟಿಗೆ ನಡೆದುಕೊಂಡು ಹೋದೆ. ಶ್ರೀರಾಂಪುರದ ಬಸ್ ನಿಲ್ದಾಣದ ಹೋಟೆಲ್ಲಿನ ಜಗಲಿಯಲ್ಲಿ ಮಲಗಿ, ಗಂಜಿ ಕುಡಿದು, ಹಲ್ಲಿಲ್ಲದ ಬಾಯಲ್ಲಿ ಮಾತು ಜೋಡಿಸಿಕೊಂಡು ಹೋದೆ.

ಎಣ್ಣೆ ಬಟ್ಟಲು ಯಜಮಾನನ ತಾಯಿಯ ಕೈಯಲ್ಲಿತ್ತು. ಬೆನ್ನು ಬಾಗಿದ ಅಜ್ಜಿ, ಧ್ವನಿ ಮಾತ್ರ ಬಾಗಿರಲಿಲ್ಲ. ಎಣ್ಣೆ ಹಚ್ಚಬೇಡಿ ಅಂದದ್ದಕ್ಕೆ, ನೀನು ಹೇಳಿದಂಗೆ ನಮ್ಮ ಹಟ್ಟಿ ನಡೆಯಬೇಕೇನು ಅಂತ ಗದರಿದರು. ಬಾಯಿಮಾತು ಬೇಡ, ಕಣ್ಣಿಗೆ ತೋರಿಸೋಣ ಅಂತ ಒಂದೇ ಟ್ಯೂಬಿನಿಂದ ಎರಡು ಪಟ್ಟಿ ಸೀಳಿದೆ. ಒಂದಕ್ಕೆ ಅವರ ಕೈಯಿಂದಲೇ ಎಣ್ಣೆ ಹಚ್ಚಿಸಿದೆ, ಇನ್ನೊಂದನ್ನು ಹಾಗೇ ಬಿಟ್ಟೆ. ಎರಡಕ್ಕೂ ಒಂದೇ ತೂಕದ ಕಲ್ಲು ಕಟ್ಟಿ ಬೇವಿನ ಕೊಂಬೆಗೆ ನೇತು ಹಾಕಿದೆ. ಮೂರು ದಿನ ಬಿಟ್ಟು ನೋಡಿದರೆ ನಾನು ಹೇಳಿದ್ದೇ ಆಗಿತ್ತು. ಎಣ್ಣೆಯ ಪಟ್ಟಿ ದಪ್ಪಗೆ ಊದಿ, ಮೊಳದಷ್ಟು ಜೋತು ಬಿದ್ದಿತ್ತು. ಗೆದ್ದೆ ಅಂದುಕೊಂಡು ಅಜ್ಜಿಯನ್ನು ಕರೆದೆ.

ಅವರು ಎರಡನ್ನೂ ಹಿಸುಕಿ ನೋಡಿದರು. "ನೋಡ್ದೇನಲೇ, ಎಣ್ಣೆ ಕುಡುದದ್ದು ಹೆಂಗೆ ಮೈ ತುಂಬ್ಕಂಡೈತೆ. ನಿಂದು ನೋಡು, ಬಾಣಂತಿಗೆ ಊಟ ಇಕ್ಕದೆ ಒಣಗಿಸಿದಂಗೆ ಬಿಟ್ಟಿದೀಯ."

ಹಟ್ಟಿಯ ಹೆಂಗಸರು ಬಾಯಿಗೆ ಸೆರಗು ಹಿಡಿದುಕೊಂಡರು. ಊದುವುದೇ ಕೊಳೆಯುವುದರ ಗುರುತು ಅಂತ ನಾನು ಒದರಿದ್ದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ನನಗೆ ಬಂದ ಸಿಟ್ಟಿಗೆ ಬೇವಿನ ಮರವನ್ನೇ ಒದೆಯಬೇಕು ಅನ್ನಿಸಿತು. ಎದುರಿಗೆ ದಡ್ಡಿಯ ಗೂಟಕ್ಕೆ ನನ್ನ ಸೈಕಲ್ಲನ್ನು ಕರು ಕಟ್ಟಿದ ಹಾಗೆ ಹಗ್ಗ ಹಾಕಿ ಕಟ್ಟಿದ್ದರು.

ಅಲ್ಲಿಂದ ವಾಪಸು ನಡೆಯುವಾಗ ಒಂದು ತೀರ್ಮಾನಕ್ಕೆ ಬಂದೆ. ಈ ಅಜ್ಜಿಯ ಕೈ ತಡೆಯುವುದು ಆಗದ ಮಾತು. ಎಣ್ಣೆ ಹಚ್ಚಲಿ, ಆದರೆ ಹಚ್ಚುವುದಕ್ಕೆ ಬೇರೆ ಏನಾದರೂ ಕೊಡಬೇಕು. ಪಟ್ಟಿಯ ನಡುಭಾಗ ಮಾತ್ರ ರಬ್ಬರು, ಎರಡೂ ತುದಿಗೆ ಕಂಬಿ ಕೊಂಡಿಯ ಬದಲು ನಾರಿನ ಹಗ್ಗದ ಕುಣಿಕೆ, ಒಂದು ಕುಣಿಕೆಗೆ ಸಿಕ್ಕಿಸಲು ಜಾಲಿ ಕಟ್ಟಿಗೆಯ ಗುಬುಟು, ಅಂಗಿಯ ಗುಂಡಿಯ ಹಾಗೆ. ಹಾರಿ ಬಂದು ಹಲ್ಲು ಮುರಿಯುವ ಕಬ್ಬಿಣವೂ ಇರುವುದಿಲ್ಲ. ಅವರು ಹಗ್ಗಕ್ಕೆ ಎಣ್ಣೆ ತಿಕ್ಕಿಕೊಂಡಿರಲಿ.

ಹಗ್ಗ ಬೇಕು ಅಂದರೆ ಆ ಸಂತೆಯಲ್ಲಿ ಒಬ್ಬನೇ. ಹೋಗಿ ಅವನ ಎದುರಿಗೆ ಕುಕ್ಕರಗಾಲಲ್ಲಿ ಕುಳಿತೆ.

"ಹಲ್ಲು ಹೋದ ಬಾಯಿಗೆ ಹಗ್ಗ ಬಿಗೀಬೇಕಾ?" ಅಂದ.

ಅವನ ರಾಶಿಯ ಹಿಂದೆ ಮೊಳ, ಒಂದೂವರೆ ಮೊಳದ ತುಂಡುಗಳು ಬಿದ್ದಿದ್ದವು. ಅಳೆದು ಮಾರಿದ ಮೇಲೆ ಉಳಿದವು. ಯಾರೂ ಕೊಳ್ಳದ್ದು. ಅದರ ಮೇಲೇ ನನ್ನ ಕಣ್ಣು. ಉದ್ದ ಹಗ್ಗದ ಬೆಲೆ ಕೇಳುತ್ತಾ ಸುಮಾರು ಹೊತ್ತು ಕಾಲ ಕಳೆದು, ಎದ್ದು ಹೋಗುವವನಂತೆ ನಟಿಸಿ, ಕೊನೆಗೆ ಹೋಗಲಿ ಆ ಕಸವನ್ನಾದರೂ ಕೊಡು ಅಂದೆ. ಅವನೂ ಕಡಿಮೆಯವನಲ್ಲ. ಕಸ ಅಂದ ಮೇಲೆ ನಿನಗ್ಯಾಕೆ ಅಂದ. ಇದು ನಡೆದರೆ ಪ್ರತಿ ಪಟ್ಟಿಗೂ ಎರಡು ತುಂಡು ಬೇಕಾಗುತ್ತದೆ, ನಿನ್ನ ಕಸಕ್ಕೆ ಕಾಯಂ ಗಿರಾಕಿ ನಾನೇ ಅಂದೆ. ಒಪ್ಪಿದ, ಆದರೆ ಒಂದು ಷರತ್ತು ಹಾಕಿದ. ಇನ್ನು ಮೇಲೆ ನಾನು ಅವನ ಎದುರಿಗೆ ನಿಲ್ಲಬಾರದು, ಅವನ ಬೆನ್ನ ಹಿಂದೆ ನಿಲ್ಲಬೇಕು. ಗಿರಾಕಿ ಮೊದಲು ಅವನನ್ನು ದಾಟಿ ಬರಬೇಕು. ಒಪ್ಪಿಕೊಂಡೆ. ಅವನು ಹಾಕಿದ ಷರತ್ತು ದ್ವೇಷದ್ದು, ನನಗೆ ಬೇಕಾಗಿದ್ದದ್ದು ತುಂಡು.

ಕುಣಿಕೆಯ ಪಟ್ಟಿಗಳನ್ನು ಮಾಡಿಕೊಂಡು ಹಟ್ಟಿಗೆ ಹೋದೆ. ಅಜ್ಜಿ ಬಟ್ಟಲು ತಂದು ಕುಳಿತರು. ಮೊದಲ ಕುಣಿಕೆಗೆ ಚೆನ್ನಾಗಿ ಎಣ್ಣೆ ತಿಕ್ಕಿದರು. ನಾನು ಉಸಿರು ಬಿಡುವಷ್ಟರಲ್ಲಿ ಅದೇ ಕೈ ಜಾರಿಕೊಂಡು ರಬ್ಬರಿನ ಮೇಲೂ ಹೋಯಿತು, ಆ ತುದಿಯವರೆಗೂ ಹೋಯಿತು. ಅರ್ಧಕ್ಕೆ ಬಿಟ್ಟರೆ ಒಳ್ಳೆಯದಾಗುವುದಿಲ್ಲವಂತೆ.

ನಾಲ್ಕು ಮಾತು ಬೈದೇ ಬಿಡೋಣ ಅಂತ ಬಾಯಿ ತೆಗೆದಿದ್ದೆ. ಆಗ ಅವರ ಸೊಸೆ ಬಟ್ಟಲು ದಾಟಿ ಹೋಗುವಾಗ ಕಾಲು ತಾಗಿ, ಎಣ್ಣೆ ತುಳುಕಿ ಹಾಸಿದ್ದ ಕಂಬಳಿಯ ಅಂಚಿಗೆ ಬಿತ್ತು. ಅಜ್ಜಿ ಕಿರುಚಿಬಿಟ್ಟರು.

"ಕಂಬ್ಳಿಗೆ ಎಣ್ಣೆ ಮುಟ್ಟಸ್ತಾರೇನೇ? ದೇವ್ರು ಕುಂದ್ರ ಜಾಗ ಅದು. ತೊಳಿ ಮೊದ್ಲು."

ಸೊಸೆ ಓಡಿಹೋಗಿ ಬೂದಿ ತಂದಳು. ನಾನು ಬೈಯಲು ತೆಗೆದ ಬಾಯನ್ನು ಮುಚ್ಚಿಕೊಂಡೆ. ನನಗೆ ಬೇಕಾದ ಬೀಗ ಆ ಮನೆಯಲ್ಲೇ ಇತ್ತು.

ಯಜಮಾನನ ಹತ್ತಿರ ಹೋಗಿ, ಕತ್ತೆಯ ಬೆನ್ನಿಗೆ ಹಾಕಿ ಸವೆದ ಹಳೇ ಕಂಬಳಿ ತುಂಡು ಕೊಡಿ ಅಂತ ಕೇಳಿದೆ. ಅನುಮಾನದಿಂದ ನೋಡಿದ. ಮಾಲು ನಿಮ್ಮದೇ, ನಿಮ್ಮ ಕತ್ತೆಗೇ ವಾಪಸು ಬರುತ್ತದೆ ಅಂದ ಮೇಲೆ ಎಸೆದ. ಬೇವಿನ ನೆರಳಲ್ಲಿ ಕುಳಿತು, ದಬ್ಬಳಕ್ಕೆ ಉಣ್ಣೆ ದಾರ ಪೋಣಿಸಿ, ರಬ್ಬರಿಗೆ ಕಂಬಳಿಯ ಚೀಲ ಹೊಲಿದೆ. ಮೊದಲನೆಯದು ಕೆಟ್ಟಿತು. ಕಂಬಳಿ ಹಿಗ್ಗುವುದಿಲ್ಲ, ಹಾಗಾಗಿ ಒಳಗಿನ ರಬ್ಬರೂ ಹಿಗ್ಗಲಿಲ್ಲ. ಯಜಮಾನನ ಆಳೊಬ್ಬ ಎಳೆದು ನೋಡಿ, ಇದಕ್ಕಿಂತ ಕೋಲು ಕಟ್ಟಬಹುದಿತ್ತು ಅಂದ. ನಾನು ಅವನ ಚಡ್ಡಿಯ ಸೊಂಟ ನೋಡಿದೆ. ಲಾಡಿ ಎಳೆದಲ್ಲಿ ಬಟ್ಟೆ ನಿರಿಗೆ ನಿರಿಗೆಯಾಗಿ ಕೂಡಿತ್ತು. ಚೀಲವನ್ನು ರಬ್ಬರಿಗಿಂತ ಅರ್ಧದಷ್ಟು ಉದ್ದ ಹೆಚ್ಚಿಗೆ ಹೊಲಿದು, ನಿರಿಗೆ ಹಿಡಿದು ಎರಡೂ ತುದಿಯಲ್ಲಿ ಕುಣಿಕೆಯ ಬುಡಕ್ಕೆ ಬಿಗಿದೆ. ಈಗ ಎಳೆದರೆ ನಿರಿಗೆ ಬಿಚ್ಚಿಕೊಂಡು ಹಿಗ್ಗುತ್ತದೆ, ನಿರಿಗೆ ಮುಗಿದ ಕಡೆ ಕಂಬಳಿ ಬಿಗಿದು ನಿಲ್ಲುತ್ತದೆ. ಇನ್ನೂ ಎಳೆಯುತ್ತೇನೆ ಅಂದರೂ ಆಗುವುದಿಲ್ಲ. ಬಿಸಿಲೂ ರಬ್ಬರನ್ನು ಮುಟ್ಟುವುದಿಲ್ಲ. ಎಣ್ಣೆಗೆ ಹೆದರಿ ಮಾಡಿದ್ದು ಇನ್ನೆರಡು ಕಾಯಿಲೆಗೂ ಮದ್ದಾಯಿತು.

ಹಟ್ಟಿ ಏಳುವ ದಿನ ಬೆಳಗ್ಗೆ ಹೋದೆ. ಕತ್ತೆಗಳ ಮೇಲೆ ಹೇರು ಏರುತ್ತಿತ್ತು. ಅಜ್ಜಿ ಬಟ್ಟಲು ಹಿಡಿದು ಬಂದರು, ಹೊಸ ಪಟ್ಟಿಗಳ ಮುಂದೆ ಕುಳಿತರು. ಒಂದು ಕುಣಿಕೆಗೆ ಎಣ್ಣೆ ತಿಕ್ಕಿದರು. ಕೈ ಕಂಬಳಿಯ ಅಂಚಿಗೆ ಬಂತು. ನಿಂತಿತು. ನನ್ನ ಮುಖವನ್ನೊಮ್ಮೆ ಕೆಕ್ಕರಿಸಿ ನೋಡಿದರು. ಅವರಿಗೆ ಅರ್ಥವಾಗಿತ್ತು, ಮೋಸ ಹೋದವರ ನೋಟ ಅದು. ಆಮೇಲೆ ಅಂಗೈಯನ್ನು ತಲೆಗೂದಲಿಗೆ ಒರೆಸಿಕೊಂಡು, ಕಂಬಳಿಯನ್ನು ದಾಟಿ ಆ ತುದಿಯ ಕುಣಿಕೆಗೆ ಹೋದರು.

"ಭಾರಿ ಕಿಲಾಡಿ ಇದೀಯಲೇ" ಅಂದರು, ಹೊಗಳಿಕೆಯ ದನಿ ಏನಲ್ಲ.

ಯಜಮಾನ ಅಷ್ಟಕ್ಕೇ ಬಿಡುವವನಲ್ಲ. ಮರಿಗಳ ಕುಕ್ಕೆ ಹೊತ್ತ ಕತ್ತೆಯ ಹಗ್ಗವನ್ನು ನನ್ನ ಕೈಗೆ ಕೊಟ್ಟು, ಕಲ್ಲು ತುಂಬಿದ ಹಳ್ಳ ತೋರಿಸಿದ. "ಆ ದಡಕ್ಕೆ ಹೋಗಾಣ ನಡಿ. ಕುಕ್ಕೆ ಉರುಳಿದ್ರೆ ಹೊಳಲ್ಕೆರೆಗಂಟ ನೀನೇ ಹೊರಬೇಕು."

ಕತ್ತೆ ಇಳಿಯಿತು, ಎಡವಿತು, ಕುಕ್ಕೆ ಒಂದು ಕಡೆಗೆ ವಾಲಿತು. ಪಟ್ಟಿಯ ನಿರಿಗೆಗಳು ಪೂರಾ ಬಿಚ್ಚಿಕೊಂಡವು. ಹಲ್ಲು ಹೋದ ಜಾಗದಲ್ಲಿ ನಾಲಿಗೆ ಒತ್ತಿಕೊಂಡು ನಿಂತಿದ್ದೆ. ಕತ್ತೆ ನೇರವಾದಂತೆ ಕುಕ್ಕೆಯೂ ನೇರವಾಗಿ, ನಿರಿಗೆ ಮತ್ತೆ ಕೂಡಿತು. ಕಾಲಿಗೆ ಬಿದಿರು ಪಟ್ಟಿ ಕಟ್ಟಿದ ಆ ಮರಿ ಕುಕ್ಕೆಯೊಳಗಿಂದ ತಲೆ ಎತ್ತಿ ಅರಚಿತು. ಆ ದಡದಲ್ಲಿ ಯಜಮಾನ ಪಟ್ಟಿಯನ್ನೊಮ್ಮೆ ಎಳೆದು ಬಿಟ್ಟು, ಹಟ್ಟಿಯ ಕಡೆ ತಿರುಗಿ, ಸೈಕಲ್ ಬಿಚ್ಚಿಕೊಡ್ರಲೇ ಅಂತ ಕೂಗಿದ.

ಸೈಕಲ್ ಹತ್ತಿ ನಾಲ್ಕು ತುಳಿತ ತುಳಿದಿದ್ದೆ, ಬ್ರೇಕು ಹಿಡಿಯಲಿಲ್ಲ. ಇಳಿಜಾರಿನಲ್ಲಿ ಜಾರಿ ಲಂಟಾನದ ಪೊದೆಗೆ ಬಿದ್ದೆ. ಎದ್ದು ಚಕ್ರ ಮುಟ್ಟಿ ನೋಡಿದರೆ ಅಂಗೈಗೆ ಅದೇ ಕಹಿ ವಾಸನೆ. ಎರಡೂ ಟಯರಿಗೆ, ರಿಮ್ಮಿಗೆ, ಬ್ರೇಕಿನ ರಬ್ಬರಿಗೆ, ಸೀಟಿಗೆ, ಎಲ್ಲೂ ಬಿಡದೆ ಹೊಂಗೆ ಎಣ್ಣೆ ತಿಕ್ಕಿದ್ದರು. ಹಟ್ಟಿಯಿಂದ ಹೊರಡುವ ವಸ್ತುವಲ್ಲವೇ ಅದೂ. ಹಿಂದಿರುಗಿ ನೋಡಿದೆ. ಅಜ್ಜಿ ದಡದ ಮೇಲೆ ಬಟ್ಟಲು ಹಿಡಿದು ನಿಂತಿದ್ದರು. ಹರಸಿದ್ದೋ ಸೇಡು ತೀರಿಸಿಕೊಂಡದ್ದೋ, ಇವತ್ತಿಗೂ ಹೇಳಲಾರೆ. ಕೆರೆಯ ದಂಡೆಯಲ್ಲಿ ಬೂದಿ ಹಾಕಿ ತಿಕ್ಕಿದೆ. ಟಯರು ಆ ಬೇಸಿಗೆ ದಾಟಲಿಲ್ಲ.

ಆ ವರ್ಷದ ಸುಗ್ಗಿ ಹಾಗೆ ಕೈಬಿಟ್ಟಿತು. ಮುಂದಿನ ವರ್ಷದಿಂದ ಹೊಳಲ್ಕೆರೆ ದಾರಿಯ ಹಟ್ಟಿಗಳು ಕಂಬಳಿ ಪಟ್ಟಿ ಬೇಕು ಅಂತ ತಾವೇ ಕೇಳಿಕೊಂಡು ಬಂದವು, ಹಗ್ಗದವನನ್ನು ದಾಟಿಕೊಂಡೇ ಬಂದವು. ಅವನು ಒಂದು ದಿನವೂ ನನ್ನ ಜತೆ ನೆಟ್ಟಗೆ ಮಾತಾಡಲಿಲ್ಲ, ತುಂಡು ಹಗ್ಗದ ಬೆಲೆಯನ್ನು ಮಾತ್ರ ಏರಿಸುತ್ತಾ ಹೋದ.

ನೀವು ಹಿಗ್ಗುವ ಪಟ್ಟಿ ಬಳಸುವವರಾದರೆ ಇಷ್ಟು ನೆನಪಿಡಿ. ಅದಕ್ಕೆ ಎಣ್ಣೆ ತಾಗಿಸಬೇಡಿ, ತಾಗಿದರೆ ಅವತ್ತೇ ಸೀಗೆಪುಡಿಯಲ್ಲಿ ತೊಳೆಯಿರಿ. ಕೆಲಸ ಮುಗಿದ ಮೇಲೆ ಬಿಸಿಲಲ್ಲಿ ಬಿಗಿದು ಬಿಡಬೇಡಿ, ಸಡಿಲಿಸಿ ನೆರಳಿಗೆ ಹಾಕಿ. ಇದ್ದ ಉದ್ದದ ಅರ್ಧಕ್ಕಿಂತ ಹೆಚ್ಚು ಹಿಗ್ಗಿಸಬೇಡಿ. ಬಿಚ್ಚುವಾಗ ಪಟ್ಟಿಯ ನೇರಕ್ಕೆ ಮುಖ ಕೊಡದೆ ಪಕ್ಕಕ್ಕೆ ನಿಲ್ಲಿ. ಊದಿ ದಪ್ಪವಾದ ಪಟ್ಟಿ ಕಂಡರೆ ಗಟ್ಟಿಯಾಯಿತು ಅಂತ ಖುಷಿಪಡದೆ ಎಸೆಯಿರಿ. ಮಾರುವವರಾದರೆ ಇನ್ನೂ ಒಂದು: ಮಾಲು ಕೊಟ್ಟು ದುಡ್ಡು ಎಣಿಸಿಕೊಂಡು ಬಂದುಬಿಡಬೇಡಿ. ಕೊಂಡವರ ಮನೆಯ ಜಗಲಿಯಲ್ಲಿ ಒಂದು ಲೋಟ ಮಜ್ಜಿಗೆ ಕುಡಿಯುವಷ್ಟು ಹೊತ್ತು ಕುಳಿತು, ಆ ವಸ್ತು ಮೊದಲು ಯಾರ ಕೈಗೆ ಹೋಗುತ್ತದೆ, ಆ ಕೈಯಲ್ಲಿ ಏನಿದೆ ಅಂತ ನೋಡಿ. ಹೊರಡುವಾಗ ನಿಮ್ಮ ಸೈಕಲ್ಲಿನ ಟಯರನ್ನೂ ಒಮ್ಮೆ ಮುಟ್ಟಿ ನೋಡಿ ಹತ್ತಿ.